ಹಳ್ಳದ ಕಲ್ಲುಗಳ ಭಂಡಾರ

ನನ್ನ ಅತ್ತೆಯ ಬಲಗೈ ಹೆಬ್ಬೆರಳು ಸದಾ ಹಳದಿ. ಉಗುರಿನ ಸಂದಿಯಲ್ಲಿ, ಚರ್ಮದ ಗೆರೆಗಳಲ್ಲಿ ಭಂಡಾರ ಕೂತು ಕೂತು ಅದು ಮೈಬಣ್ಣವೇ ಆಗಿಬಿಟ್ಟಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಬಿಳಿ ಹಿಟ್ಟಿನ ನಡುವೆ ಆ ಒಂದು ಬೆರಳು ಎದ್ದು ಕಾಣುತ್ತಿತ್ತು.

ಕುರಿ ಸಾಕುವ ಮನೆ ಅವರದು. ದೇವಾಪುರದ ಆಚೆ, ಕುರುಚಲು ಕಾಡಿನ ಅಂಚಿಗೆ ಸಣ್ಣ ಊರು. ದೇವರ ಅರಿಶಿನಪುಡಿಗೆ ನಮ್ಮಲ್ಲಿ ಭಂಡಾರ ಎನ್ನುತ್ತಾರೆ. ಅದರ ಚೀಲ ಸೊಂಟದಲ್ಲಿಲ್ಲದೆ ಅತ್ತೆ ಹೊಸ್ತಿಲು ದಾಟಿದವರಲ್ಲ. ನಾನು ಸುರಪುರದ ಸಾಲೆಯಲ್ಲಿ ಗಂಟೆ ಹೊಡೆಯುವವರ ಮಗಳು. ತವರಿನಲ್ಲಿ ಏಳುವುದು, ಉಣ್ಣುವುದು, ದೀಪ ಆರಿಸುವುದು ಎಲ್ಲ ಹೊತ್ತಿಗೆ ಸರಿಯಾಗಿ. ಮದುವೆಯಾದ ಹೊಸದರಲ್ಲಿ ಊಟದ ಹೊತ್ತಾಯಿತೆಂದು ನಾನು ನೆನಪಿಸಿದರೆ ಅತ್ತೆ, “ನನ್ನ ಹೊಟ್ಟಿಗೇ ಗೊತ್ತಾಗಿಲ್ಲ, ನಿನಗ ಹ್ಯಾಂಗ ಗೊತ್ತಾತು?” ಎಂದು ನಗುತ್ತಿದ್ದರು. ನನಗೆ ‘ಗಂಟಿ’ ಎಂದು ಹೆಸರಿಟ್ಟರು. ಕೊನೆಯವರೆಗೂ ಹಾಗೆಯೇ ಕರೆದರು.

ಊರ ಹಿಂದಿನ ಹಳ್ಳ ದೊಡ್ಡದಲ್ಲ. ಬೇಸಿಗೆಯಲ್ಲಿ ಒಂದು ಎಮ್ಮೆ ಅಡ್ಡ ಮಲಗಿದರೆ ನೀರು ನಿಲ್ಲುತ್ತಿತ್ತು. ಆದರೆ ಅದರ ದಂಡೆಯುದ್ದಕ್ಕೂ ಹಿಂದಿನವರ ಗುರುತುಗಳಿದ್ದವು. ಊರ ಹತ್ತಿರ ಮೆಟ್ಟಿಲು ಬಾವಿ. ಮೇಲೆ ಹೊಂಗೆ ಮರಗಳಡಿ ಕುದುರೆ ಏರಿದ ವೀರಗಲ್ಲುಗಳು. ಇನ್ನೂ ಮೇಲೆ ಸೂರು ಬಿದ್ದ ಗುಡಿ, ಕಿವಿ ಮುರಿದ ಬಸವಣ್ಣ. ಗುಡಿಯ ಮುಂದೆ ಎರಡು ಕವಲು ಬಂದು ಕೂಡುತ್ತವೆ. ಎಡಗವಲು ಹಿಡಿದರೆ ಹುಡೇವು, ನಾಯಕರ ಕಾಲದ ಕಲ್ಲಿನ ಕಾವಲು ಗೋಪುರ. ಬಲಗವಲು ಹಿಡಿದರೆ ದೊಡ್ಡ ಬಂಡೆಗಳು, ಅವುಗಳ ಹೊಟ್ಟೆಯಲ್ಲೊಂದು ಗವಿ. ಎರಡೂ ಕಡೆ ಅಲ್ಲಲ್ಲಿ ಇಂಥವೇ ವೀರಗಲ್ಲುಗಳು.

ಈ ಕಲ್ಲುಗಳನ್ನು ಸುಮ್ಮನೆ ದಾಟಬಾರದು ಎಂಬುದು ಮನೆತನದ ನಡಾವಳಿ. ಪ್ರತಿ ಕಲ್ಲಿನ ಹಣೆಗೂ ಭಂಡಾರ ಹಚ್ಚಿಯೇ ಮುಂದೆ ಹೋಗಬೇಕು. ಹಚ್ಚದಿದ್ದರೆ ಕುರಿಗಳಿಗೆ ಕೇಡು, ಹಚ್ಚಿದ್ದನ್ನು ಒರೆಸಿದರೆ ವಂಶಕ್ಕೆ ಕೇಡು. ಅತ್ತೆ ಹಚ್ಚುತ್ತಲೇ ಮನೆಯ ಸುದ್ದಿಯನ್ನೂ ಆ ವೀರರಿಗೆ ಒಪ್ಪಿಸುತ್ತಿದ್ದರು. ಯಾವ ಕುರಿ ಈದಿತು, ಯಾರಿಗೆ ಜ್ವರ ಬಂತು, ಸೊಸೆ ಪಲ್ಯಕ್ಕೆ ಉಪ್ಪು ಹೆಚ್ಚು ಹಾಕಿದಳು ಎಂಬುದು ಕೂಡ.

ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ನಿಜಾಮ ಸೀಮೆಗೆ ಇನ್ನೂ ಬಂದಿರಲಿಲ್ಲ. ನನ್ನ ಯಜಮಾನರು ಗಡಿಯಾಚೆಯ ಹೋರಾಟಗಾರರ ಶಿಬಿರ ಸೇರಿದ್ದರು. ನಿಜಾಮನ ಕಡೆಯ ರಜಾಕಾರರು ಅಂಥವರ ಮನೆಗಳನ್ನು ಹುಡುಕಿಕೊಂಡು ಬರುತ್ತಿದ್ದರು. ಹೆಂಡತಿ ಮಕ್ಕಳನ್ನು ಹಿಡಿದರೆ ಗಂಡಸು ತಾನಾಗಿ ಬರುತ್ತಾನೆ ಎಂಬುದು ಅವರ ಎಣಿಕೆ. ನನ್ನ ಮಡಿಲಲ್ಲಿ ಎಳೆಗೂಸು. ಆ ಮಳೆಗಾಲ ಪೂರ್ತಿ ನಾಯಿ ಬೊಗಳಿದರೂ ನಾನು ಕೂಸನ್ನೆತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ.

ಒಂದು ಮುಂಜಾನೆ ಪಕ್ಕದ ಮನೆಯ ಪಿಂಜಾರ ಚಾಚಾ ಹಿತ್ತಲ ಬಾಗಿಲಿಗೆ ಬಂದರು. ಹತ್ತಿ ಹಿಂಜುವವರು, ಗಡ್ಡಕ್ಕೆಲ್ಲ ಅರಳೆ ಅಂಟಿತ್ತು. “ಅಕ್ಕಾ, ಕೆಂಭಾವಿ ಕಡಿಂದ ಬರಾಕತ್ತಾರ. ನಿಮ್ಮ ಮನೀನೇ ಕೇಳ್ಯಾರ. ಕೂಸಿನ್ನ ತಗೊಂಡು ಜಲ್ದಿ ಹೊಂಡ್ರಿ,” ಎಂದವರೇ ಹೊರಟುಹೋದರು. ಹಂಚಿನ ಮೇಲಿನ ರೊಟ್ಟಿ ಹಾಗೇ ಬಿಟ್ಟು ನಾವಿಬ್ಬರೂ ಹಳ್ಳ ಹಿಡಿದೆವು. ಅತ್ತೆ ಮುಂದೆ, ಕೂಸು ಕಟ್ಟಿಕೊಂಡು ನಾನು ಹಿಂದೆ. ಬಲಗವಲು ಹತ್ತಿ ಗವಿ ಸೇರಿದಾಗ ನನಗೆ ಏದುಸಿರು ನಿಲ್ಲುತ್ತಿರಲಿಲ್ಲ.

ಸೊಂಟದ ಚೀಲದ ಬಾಯಿ ಬಿಗಿಯಲು ಹೋದ ಅತ್ತೆ ತಮ್ಮ ಹೆಬ್ಬೆರಳನ್ನೇ ನೋಡುತ್ತ ನಿಂತರು. ಅದರ ಮೇಲೆ ಹಸಿ ಭಂಡಾರ.

“ಗಂಟಿ, ದಾರಿಗುಂಟ ದೀಪ ಹಚ್ಚಿಕೋತ ಬಂದೀನಲ್ಲ,” ಎಂದರು.

ನನಗೆ ಕೂಡಲೇ ತಿಳಿಯಲಿಲ್ಲ. ಅಷ್ಟು ಅವಸರದಲ್ಲೂ ಅತ್ತೆಯ ಕೈ ರೂಢಿ ಬಿಟ್ಟಿರಲಿಲ್ಲ. ಬಾವಿಯಿಂದ ಗವಿಯ ಬುಡದವರೆಗೆ ಒಂದೊಂದು ಕಲ್ಲಿಗೂ ಹೊಸ ಹಳದಿ ಬಿದ್ದಿತ್ತು. ಕುರುಡನೂ ಹುಡುಕಿಕೊಂಡು ಬರಬಹುದಿತ್ತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ಹೋಗಬ್ಯಾಡ್ರಿ ಅತ್ತಿ. ಒರಸಿದ್ರ ವಂಶಕ್ಕ ಕೇಡಂತ ನೀವೇ ಹೇಳ್ತಿದ್ರಿ.”

“ವಂಶ ಉಳದ್ರಲ್ಲೇನ ಕೇಡು ತಟ್ಟೂದು,” ಎಂದು ಇಳಿದೇ ಹೋದರು.

ಬಂಡೆಯ ಸೀಳಿನಿಂದ ಕೆಳಗಿನ ಕವಲು ನನಗೆ ಕಾಣುತ್ತಿತ್ತು. ಅತ್ತೆ ಒದ್ದೆ ಸೆರಗಿನಿಂದ ಬಲಗಡೆಯ ಕಲ್ಲುಗಳನ್ನು ಒರೆಸಿದರು. ಹಳದಿ ಪೂರ್ತಿ ಹೋಗಲಿಲ್ಲ. ಹಳ್ಳದ ಕೆಸರು ಬಾಚಿ ಮೆತ್ತಿದರು. ಒಂದೊಂದಕ್ಕೂ ಹಣೆ ಹಚ್ಚಿ ಏನೋ ಹೇಳಿ ಮುಂದಿನದಕ್ಕೆ ಓಡುತ್ತಿದ್ದರು. ಆಮೇಲೆ ಎಡಗವಲಿಗೆ ಹೋಗಿ, ಚೀಲ ಬರಿದಾಗುವತನಕ ಹುಡೇವಿನ ದಾರಿಯ ಕಲ್ಲುಗಳಿಗೆ ಹಚ್ಚಿದರು. ತಿರುಗಿ ಬಂದು ಗುಡಿಯ ಹತ್ತಿರ ಮುಟ್ಟುವಷ್ಟರಲ್ಲಿ ಬಂದೂಕು, ಬರ್ಚಿಗಳು ಹೊಂಗೆಯ ಸಂದಿಯಲ್ಲಿ ಕಂಡವು. ಅತ್ತೆ ಲಕ್ಕಿಗಿಡದ ಬುಡದ ಮಡುವಿನಲ್ಲಿ ಕುತ್ತಿಗೆಯವರೆಗೆ ಇಳಿದರು.

ಅವರಲ್ಲೊಬ್ಬ ಬಲಗಡೆಗೇ ಬಂದ. ಕೆಸರು ಮೆತ್ತಿದ ಕಲ್ಲಿನ ಮೇಲೆ ಕಾಲಿಟ್ಟು, ಬಗ್ಗಿ, ಬೊಗಸೆಯಲ್ಲಿ ನೀರು ಕುಡಿದ. ಅತ್ತೆಯ ತಲೆ ಅವನಿಗೆ ಕೈಯಳತೆಯಲ್ಲಿತ್ತು. ನಾನು ಕೂಸಿನ ಬಾಯಿಗೆ ಮೊಲೆ ಒತ್ತಿ ಕಣ್ಣು ಮುಚ್ಚಿದೆ. ಎಡಗಡೆಯಿಂದ ಯಾರೋ ಕೂಗಿದರು, ಇಲ್ಲಿ ಹಳದಿ ಇದೆ ಎಂದು. ಅವನು ಎದ್ದು ಹೋದ. ಹುಡೇವು ಹತ್ತಿ ಇಳಿದು, ಬೈದುಕೊಳ್ಳುತ್ತ ಅವರು ಕಣಿವೆ ಬಿಟ್ಟು ಹೋಗುವವರೆಗೆ ಅತ್ತೆ ನೀರಿನಿಂದ ಏಳಲಿಲ್ಲ.

ಗವಿಗೆ ಬಂದಾಗ ಹಲ್ಲು ಕಟಕಟಿಸುತ್ತಿದ್ದವು. ನನ್ನ ಮುಖ ನೋಡಲಿಲ್ಲ. ಹೆಬ್ಬೆರಳನ್ನು ಕೂಸಿನ ಮೂಗಿನ ಕೆಳಗೆ ಹಿಡಿದು, “ಉಸುರಾಡಾಕತ್ತದೇನ?” ಎಂದರು.

ಅದೇ ಮಳೆಗಾಲ ಮುಗಿಯುವ ಹೊತ್ತಿಗೆ ಭಾರತದ ಸೈನ್ಯ ಬಂತು. ಯಜಮಾನರು ಮನೆಗೆ ಬಂದರು. ಊರಿನ ಭಯವೆಲ್ಲ ಇಳಿಯಿತು, ಅತ್ತೆಯ ಭಯ ಆಗ ಶುರುವಾಯಿತು. ಕಲ್ಲುಗಳನ್ನು ತೊಳೆದು ಭಂಡಾರ ಹಚ್ಚಿದರು, ತಪ್ಪೊಪ್ಪಿಕೊಂಡರು. ಆದರೂ, “ಒರಸಿದ್ದು ಒರಸಿದ್ದಽ,” ಎನ್ನುತ್ತಿದ್ದರು. ನನ್ನ ಮಗ ಕೆಮ್ಮಿದರೆ ಕೈಲಿದ್ದ ಕೆಲಸ ಬಿಟ್ಟು ಬರುತ್ತಿದ್ದರು. ಮಲಗಿದವನ ಮೂಗಿನ ಕೆಳಗೆ ಹೆಬ್ಬೆರಳು ಹಿಡಿಯದ ದಿನವಿಲ್ಲ. ಅವನ ಮೇಲ್ದುಟಿಯ ಮೇಲೆ ಹಳದಿ ಗೆರೆ ಕಂಡು ಓಣಿಯವರು, “ಮುದುಕಿ ಮೊಮ್ಮಗಗ ಈಗಽ ಮೀಸಿ ಬಂದಾವ” ಎಂದು ಚೇಷ್ಟೆ ಮಾಡುತ್ತಿದ್ದರು. ಅತ್ತೆಯೂ ನಗುತ್ತಿದ್ದರು. ಮರುದಿನ ಮತ್ತೆ ಹಿಡಿಯುತ್ತಿದ್ದರು. ಹೊತ್ತು ಹೊತ್ತಿಗೆ ಎಲ್ಲ ನಡೆಯಬೇಕೆನ್ನುವ ನಾನು ಇದೊಂದಕ್ಕೆ ಎಂದೂ ಅಡ್ಡಿ ಮಾಡಲಿಲ್ಲ.

ಅವರು ಹಾಸಿಗೆ ಹಿಡಿದಾಗ ಮಗ ಯಾದಗಿರಿಯಿಂದ ಬಂದ. ಅವನಿಗೇ ಮಕ್ಕಳಾಗಿದ್ದವು, ದಪ್ಪ ಮೀಸೆ ಬಿಟ್ಟಿದ್ದ. ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಅವನ ದನಿ ಕೇಳಿ ದಿಂಬಿನ ಬದಿಯ ಚೀಲದಲ್ಲಿ ಬೆರಳದ್ದಿ ಕೈ ಎತ್ತಿದರು. ಅದು ಅವನ ಮುಖದವರೆಗೆ ಮುಟ್ಟಲಿಲ್ಲ. ಅವನೇ ಬಗ್ಗಿ ಆ ಹೆಬ್ಬೆರಳನ್ನು ತನ್ನ ಮೂಗಿನ ಕೆಳಗಿಟ್ಟುಕೊಂಡ. ಬಹಳ ಹೊತ್ತು ಹಾಗೇ ಹಿಡಿದಿದ್ದರು. ಆಮೇಲೆ ಕೈ ಜಾರಿತು.

ಮಣ್ಣು ಮಾಡಿ ಬಂದ ಮೇಲೆ ಯಾರೋ ಅವನಿಗೆ ಮುಖ ತೊಳೆಯಲು ನೀರು ಕೊಟ್ಟರು. ಮೀಸೆಯಲ್ಲಿ ಇನ್ನೂ ಭಂಡಾರ ಇತ್ತು. ನಾನು ತಂಬಿಗೆ ಇಸಿದುಕೊಂಡು ದೂರ ಇಟ್ಟೆ.