ಕೆಂಪು ಕಲ್ಲಿನ ಕಮಾನು

ಹಳೆಯ ಕಟ್ಟಡಗಳ ಪಟ್ಟಿ ಮಾಡುವುದು ನನ್ನ ಕೆಲಸ. ಭಾಲ್ಕಿ ಕಡೆಯ ಒಂದು ಊರಿನ ಚರ್ಚಿಗೆ ಕೆಂಪು ಕಲ್ಲಿನ ಚಂದದ ಕಮಾನು ಇದೆ ಎಂದು ಕೇಳಿ, ನೋಡಲು ಬರುತ್ತೇನೆಂದು ತಿಂಗಳ ಮೊದಲೇ ಫೋನ್ ಮಾಡಿದ್ದೆ. ಅದೇ ನಾನು ಮಾಡಿದ ತಪ್ಪು.

ಹೋಗಿ ನೋಡಿದರೆ ಗೋಡೆಯ ತುಂಬ ಬಚ್ಚಲುಮನೆಯ ಬಿಳಿ ಟೈಲ್ಸು! ಬಾಗಿಲಿಗೆ ಹೊಳೆಯುವ ಸ್ಟೀಲು.

"ಕಮಾನು ಎಲ್ಲಿ?" ಎಂದೆ, ಸಿಟ್ಟು ನುಂಗಿಕೊಂಡು.

ಚರ್ಚ್ ಕಮಿಟಿಯ ಹಿರಿಯರು ಹೆಮ್ಮೆಯಿಂದ ನಕ್ಕರು. "ತೆಗಿಸೇವ್ರಿ ಸಾಹೇಬ್ರ. ನೀವು ಬೀದರದಿಂದ ನೋಡ್ಲಾಕ ಬರ್ತೀರಿ, ಹಳೀದು ಹ್ಯಾಂಗ ತೋರಿಸೋದ್ರಿ? ಊರ ಮರ್ಯಾದಿ ಪ್ರಶ್ನಿ ಅದ."

"ಆ ಕಲ್ಲುಗಳನ್ನು ಏನು ಮಾಡಿದಿರಿ?"

"ಒಗದಿಲ್ರಿ! ನಮ್ಮ ಮುತ್ಯಾಗೋಳು ತಲಿ ಮ್ಯಾಲ ಹೊತ್ತು ತಂದ ಕಲ್ಲವು. ಹಿಂದ ಬರ್ರಿ, ತೋರಿಸ್ತೇನಿ."

ಹಿಂದುಗಡೆ ಅದೇ ಕಮಾನು, ಒಂದು ಕಲ್ಲೂ ಹೆಚ್ಚುಕಡಿಮೆಯಾಗದೆ, ಹೊಸ ಪಾಯಖಾನೆಯ ಬಾಗಿಲಿಗೆ ನಿಂತಿತ್ತು.

ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಂಡೆ. ಈಗ ನನ್ನ ಪಟ್ಟಿಯಲ್ಲಿ ಆ ಊರಿನ ಹೆಸರಿನ ಮುಂದೆ ಇರುವುದು ಚರ್ಚಲ್ಲ, ಪಾಯಖಾನೆ. 'ಕಟ್ಟಡ ಈಗಲೂ ಬಳಕೆಯಲ್ಲಿದೆಯೇ?' ಎಂಬ ಕಾಲಮಿಗೆ, ಹೊರಡುವ ಮುನ್ನ ಖುದ್ದಾಗಿ ಪರೀಕ್ಷಿಸಿ, 'ಹೌದು' ಎಂದು ಬರೆದೆ.