ನೀಲವ್ವ ಕಾಕೂ ಮುಟ್ಟಿ ನೋಡಿದ ಬಿಸಿ

ನೀಲವ್ವ ಕಾಕೂ ಯಾವ ಬಿಸಿಯನ್ನೂ ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಮೋಟಾರಿರಲಿ, ಮಿಕ್ಸರಿರಲಿ, ಚಹಾದ ಪಾತ್ರೆಯೇ ಇರಲಿ, ಕೈ ತಿರುವಿ ಬೆರಳುಗಳ ಹಿಂಬದಿಯನ್ನು ಮೆಲ್ಲಗೆ ತಾಗಿಸಿ, ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನಿರುತ್ತಿದ್ದರು. ಮೊದಲ ಸಲ ನೋಡಿದಾಗ ಇದೇನೋ ಮಡಿಯಿರಬೇಕು ಅಂದುಕೊಂಡಿದ್ದೆ. ಕೇಳಿದ್ದಕ್ಕೆ ಬೈದ ಹಾಗೆಯೇ ಹೇಳಿದರು:

“ಅಂಗೈ ಹಚ್ಚಿದಾಗ ಕರೆಂಟ್ ಹೊಡದ್ರ ಮುಷ್ಟಿ ಮುಚ್ಚತೈತಿ. ಮುಷ್ಟ್ಯಾಗ ವೈರ್ ಸಿಕ್ತಂದ್ರ ಬಿಡಾಕ ಬರೂದಿಲ್ಲ. ಹಿಂದಲ ಮಗ್ಗಲ ಹಚ್ಚಿದ್ರ ಕೈ ತಾನ ದೂರ ಬರತೈತಿ. ಇದನ್ನ ಕಲಸಾಕ ನಮ್ಮನಿಯವರು ನನಗ ಎಷ್ಟ ಬೈದಾರ ಅಂತಿ.”

ಮೂಡಲಗಿಯಲ್ಲಿ ನನ್ನ ಮದುವೆ ವಿಡಿಯೋ ಎಡಿಟಿಂಗ್ ಅಂಗಡಿಗೂ ಅವರ ಮೋಟಾರ್ ರಿವೈಂಡಿಂಗ್ ಅಂಗಡಿಗೂ ನಡುವೆ ಒಂದೇ ಗೋಡೆ, ಮೇಲೆ ಒಂದೇ ತಗಡು. ಗಂಡ ಈರಪ್ಪ ಕಾಕಾ ತೀರಿಕೊಂಡಾಗ ಅಂಗಡಿ ಮುಚ್ಚಿತು ಅಂತಲೇ ಪೇಟೆಯವರು ತಿಳಿದಿದ್ದರಂತೆ. ಕಾಕೂ ಮೂರನೇ ವಾರಕ್ಕೆ ಬಾಗಿಲು ತೆರೆದು ತಾಮ್ರದ ತಂತಿ ಸುತ್ತಲು ಕೂತರು. ಮೇಲವಂಕಿ, ತುಕ್ಕಾನಟ್ಟಿ ಕಡೆಯ ರೈತರು ಸುಟ್ಟ ಮೋಟಾರನ್ನು ಗಾಡಿಯಿಂದ ಇಳಿಸುವ ಮೊದಲೇ ಮೂಸಿ ನೋಡಿ, “ಬಾವ್ಯಾಗ ನೀರಿಲ್ಲದ ಓಡಿಸೀರಿ, ಸುಳ್ಳ ಹೇಳಬ್ಯಾಡ್ರಿ” ಅನ್ನುತ್ತಿದ್ದರು. ರೈತ ತಲೆ ಕೆರೆದುಕೊಂಡು ಒಪ್ಪಿಕೊಳ್ಳುತ್ತಿದ್ದ.

ಒಂದು ಬೇಸಿಗೆ, ಹಳೆಯ ವಿಡಿಯೋ ಕ್ಯಾಸೆಟ್ಟೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದರು. ಹುಕ್ಕೇರಿಯಲ್ಲಿ ಆಗಿದ್ದ ಅವರ ನಾದಿನಿಯ ಮದುವೆ. ಮಂಟಪದ ಹಿಂದೆ ಜನರೇಟರ್ ಕೆಟ್ಟು, ಈರಪ್ಪ ಕಾಕಾ ಹೊಸ ಧೋತರದಲ್ಲೇ ಅದನ್ನು ಬಿಚ್ಚಿಕೊಂಡು ಕೂತಿದ್ದನ್ನು ಕ್ಯಾಮೆರಾದವನು ಒಂದು ನಿಮಿಷ ಹಿಡಿದಿದ್ದ. ಚಿತ್ರವೆಲ್ಲ ಮಸುಕು ಮಸುಕು.

“ಮುಖ ನಿಚ್ಚಳ ಮಾಡಬೇಕೇನ್ರಿ ಕಾಕೂ?”

“ಮುಖ ನೆನಪೈತಿ ತಮ್ಮಾ, ಫೋಟೋನೂ ಐತಿ. ನನಗ ಕೈ ಬೇಕು. ಅವರ ಕೈ ಹೆಂಗ ಓಡತಿದ್ದೂ ಅನ್ನೂದ ಮರತ ಹೋಗಾಕತ್ತೈತಿ.”

ಅಂಗಡಿಯ ಗದ್ದಲವನ್ನೂ ಮೀರಿ ಕೇಳುತ್ತಿದ್ದ ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿದ್ದು ಅವತ್ತೇ. ಏನಾದರೂ ಮಾಡಿ ಆ ಕೈ ತೋರಿಸಲೇಬೇಕು ಅನ್ನಿಸಿತು.

ಮಸುಕು ಚಿತ್ರವನ್ನು ತಿಳಿ ಮಾಡುವ ಸಾಫ್ಟ್‌ವೇರ್ ನನ್ನಲ್ಲಿತ್ತು. ತೊಡಕು ಕರೆಂಟಿನದು. ಆ ಒಂದು ನಿಮಿಷದ ತುಣುಕಿಗೆ ನನ್ನ ಹಳೆಯ ಕಂಪ್ಯೂಟರ್ ಎಂಟು ತಾಸು ಇಪ್ಪತ್ತು ನಿಮಿಷ ಕೇಳುತ್ತಿತ್ತು. ನಮ್ಮ ಲೈನಿಗೆ ಆಗ ಬೆಳಿಗ್ಗೆ ಹತ್ತಕ್ಕೆ ಕರೆಂಟು ಬಂದರೆ ಸಂಜೆ ಐದಕ್ಕೆ ಹೋಗುತ್ತಿತ್ತು. ನಡುವೆ ಹೋದರೆ ಕೆಲಸ ಮತ್ತೆ ಮೊದಲಿನಿಂದ. ಯುಪಿಎಸ್ ಹತ್ತು ನಿಮಿಷಕ್ಕೇ ಕೈಯೆತ್ತುತ್ತಿತ್ತು.

“ಹಂಗಾರ ಜೋರ ಓಡಸು” ಅಂದರು ಕಾಕೂ, ಅದೇನೋ ಎತ್ತಿನ ಗಾಡಿ ಅನ್ನುವ ಹಾಗೆ.

ನಿಜವಾಗಿ ಓಡಿಸಬಹುದಿತ್ತು. ಕಂಪ್ಯೂಟರಿನ ಪ್ರೊಸೆಸರಿಗೆ ತಯಾರಿಸಿದವರು ಒಂದು ವೇಗ ಗೊತ್ತುಮಾಡಿರುತ್ತಾರೆ. ಅದನ್ನು ದಾಟಿಸಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಅನ್ನುತ್ತಾರೆ. ವೇಗ ಏರಿಸಿದರೆ ವೋಲ್ಟೇಜೂ ಏರಿಸಬೇಕು, ಆಗ ಬಿಸಿಯೂ ಏರುತ್ತದೆ, ಅತಿಯಾದರೆ ಚಿಪ್ಪೇ ಸಾಯಬಹುದು. ಹೆದರುತ್ತಲೇ ಇಷ್ಟನ್ನು ವಿವರಿಸಿದೆ.

“ಇದರಾಗ ಹೊಸಾದೇನೈತಿ? ಮೋಟಾರಂದೂ ಇದ ಹಣೇಬರಹ,” ಅಂದು ಸ್ಟೂಲು ಎಳೆದುಕೊಂಡು ಕೂತರು.

ಕಾಕೂನ ಶಿಸ್ತು ಅಂದರೆ ಶಿಸ್ತು. ವೇಗವನ್ನು ಒಮ್ಮೆಗೆ ಒಂದೇ ಮೆಟ್ಟಿಲು ಏರಿಸಬೇಕು, ಒಂದು ತಾಸು ಕಾಯಬೇಕು, ಮುಟ್ಟಿ ನೋಡಬೇಕು. ಒಂದು ಬೆಳಿಗ್ಗೆ ಅವರಿಲ್ಲದಾಗ ನಾನು ಅವಸರಪಟ್ಟು ಮೂರು ಮೆಟ್ಟಿಲು ಹಾರಿದೆ, ಪರದೆ ಕಪ್ಪಾಯಿತು. ಒಳಗಿನ ಪುಟ್ಟ ಸೆಲ್ ತೆಗೆದು ಮತ್ತೆ ಹಾಕಿದಾಗ ಕಂಪ್ಯೂಟರ್ ನಾನು ಹೇಳಿಕೊಟ್ಟದ್ದನ್ನೆಲ್ಲ ಮರೆತು ಮೊದಲಿನ ವೇಗಕ್ಕೆ ಬಂತು. ಅಷ್ಟರಲ್ಲಿ ಬಂದು ನನ್ನ ಹಿಂದೆ ನೋಡುತ್ತ ನಿಂತಿದ್ದ ಕಾಕೂ, “ಭಾರೀ ಹಗರೈತಿ ಇದಕ್ಕ ಮರಿಯೂದು” ಅಂದರು.

ಇನ್ನೊಂದು ನೇಮ, ಪರೀಕ್ಷೆ ಬೆಳಿಗ್ಗೆ ಮಾಡುವಂತಿಲ್ಲ. “ತಂಪಿನ್ಯಾಗ ಎಲ್ಲಾನೂ ಓಡತಾವ. ಮಧ್ಯಾಹ್ನ ಎರಡಕ್ಕ ಈ ತಗಡಿನ ಕೆಳಗ ಓಡ್ಲಿ, ಆಮ್ಯಾಲ ಮಾತಾಡೂಣು.” ಹಾಗಾಗಿ ಸುಡುವ ಮಧ್ಯಾಹ್ನಗಳಲ್ಲಿ, ಊರೆಲ್ಲ ಮಲಗಿದ್ದಾಗ, ನಾವಿಬ್ಬರೂ ಬೆವರುತ್ತ ಬಿಚ್ಚಿದ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆವು. ಪ್ರೊಸೆಸರಿನ ಬಿಸಿ ಹೀರಲು ಅದರ ಮೇಲೆ ಅಲ್ಯುಮಿನಿಯಮ್ಮಿನ ಗಟ್ಟಿಯೊಂದು ಇರುತ್ತದೆ. ಕಾಕೂ ಅದಕ್ಕೆ ಕೈಯ ಹಿಂಬದಿ ತಾಗಿಸಿ, “ಒಳಗ ಅರವತ್ತ ಇರಬೇಕು” ಅನ್ನುತ್ತಿದ್ದರು. ಪರದೆಯ ಮೇಲೆ ಅರವತ್ತೆರಡು ಇರುತ್ತಿತ್ತು. ಅದೊಂದು ಆಟವೇ ಆಯಿತು. ಎರಡು ಮೂರು ಡಿಗ್ರಿಗಿಂತ ಹೆಚ್ಚು ಅವರು ತಪ್ಪಿದ್ದೇ ಇಲ್ಲ.

ಬೇಕಾದ ವೇಗ ಮುಟ್ಟಿದ ದಿನ ಮಾತ್ರ ತಪ್ಪಿದರು. ಪರದೆಯಲ್ಲಿ ತೊಂಬತ್ನಾಲ್ಕು, ಕಾಕೂ ಹೇಳಿದ್ದು ಐವತ್ತು. ನಾನು ಗಾಬರಿಯಾಗಿ ಬಂದ್ ಮಾಡಿದೆ. ಇದರ ಶಕ್ತಿ ಇಷ್ಟೇ, ಬಿಟ್ಟುಬಿಡೋಣ ಅಂದೆ. ಕಾಕೂ ಅಲುಗಾಡಲಿಲ್ಲ.

“ಒಳಗ ಅಷ್ಟ ಬೆಂಕಿ ಇದ್ರ ನನ್ನ ಕೈಗ್ಯಾಕ ಬರವಲ್ದು? ನಡಕ ಎಲ್ಲೋ ದಾರಿ ಕಟ್ಟೈತಿ. ಬಿಚ್ಚಿ ನೋಡು.”

ಬಿಚ್ಚಿ ನೋಡಿದರೆ ಗಟ್ಟಿಯನ್ನು ಹಿಡಿದ ನಾಲ್ಕು ಕೀಲುಗಳಲ್ಲಿ ಒಂದು ಮೇಲೆದ್ದಿತ್ತು. ಹಾಗಾಗಿ ಆ ಗಟ್ಟಿಯೇ ಚಿಪ್ಪಿನ ಮೇಲೆ ಸರಿಯಾಗಿ ಕೂತಿರಲಿಲ್ಲ. ಹಿಂದಿನ ದಿನ ಧೂಳು ಒರೆಸಿ ಕೂರಿಸಿದವನು ನಾನೇ. ಕೀಲು ಒತ್ತಿ ಕೂರಿಸಿ ಮತ್ತೆ ಓಡಿಸಿದಾಗ ಕಾಕೂ ಮುಟ್ಟಿ, “ಎಪ್ಪತ್ತ” ಅಂದರು. ಎಪ್ಪತ್ತೊಂದಿತ್ತು. ಪರದೆಯ ಅಂಕಿಯನ್ನಷ್ಟೇ ನೋಡಿ ನಾನು ಕೈಬಿಡುತ್ತಿದ್ದೆನಲ್ಲ ಅಂತ ನನಗೆ ನಾಚಿಕೆಯೂ ಆಯಿತು, ಅವರ ಬಗ್ಗೆ ಹೆಮ್ಮೆಯೂ ಆಯಿತು.

ಮರುದಿನ ಹತ್ತಕ್ಕೆ ಕರೆಂಟು ಬಂದ ಕೂಡಲೇ ಶುರು ಮಾಡಿದೆವು. ಕಾಕೂ ಅಂದು ತಮ್ಮ ಅಂಗಡಿ ತೆರೆಯಲಿಲ್ಲ. ಸಂಜೆ ಐದಕ್ಕೆ ಕಾಲು ತಾಸು ಇರುವಾಗ ಕೆಲಸ ಮುಗಿಯಿತು. ಕರೆಂಟು ಈಗಲೇ ಹೋದೀತೆಂಬ ಹೆದರಿಕೆಗೆ ಯುಪಿಎಸ್ ಮೇಲೆ ಒಂದು ಕೈ ಇಟ್ಟುಕೊಂಡೇ ತುಣುಕನ್ನು ಹಚ್ಚಿದೆ.

ಈರಪ್ಪ ಕಾಕಾನ ಕೈಗಳು ನಿಚ್ಚಳವಾಗಿ ಕಂಡವು. ಬೋಲ್ಟು ಬಿಚ್ಚಿದವು, ತಂತಿಯ ತುದಿ ಕೆರೆದವು, ಕಿರುಬೆರಳು ಎತ್ತಿ ಗಂಟು ಹಾಕಿದವು. “ಹೌದು, ಕಿರುಬೆರಳ ಹಿಂಗ ಎತ್ತತಿದ್ರು” ಅಂದರು ಕಾಕೂ. ಜನರೇಟರ್ ಶುರುವಾಯಿತು. ಕಾಕಾ ಅದರ ಮೈಮೇಲೆ, ಎತ್ತಿನ ಬೆನ್ನು ತಟ್ಟುವ ಹಾಗೆ, ಅಂಗೈ ಊರಿದರು. ಪೂರಾ ಅಂಗೈ.

ಕಾಕೂ ಪರದೆಗೆ ಬಾಗಿ, “ಹಂಗಾರ ಇಪ್ಪತ್ತ ವರ್ಷ ನನಗ್ಯಾಕ ಬೈದ್ರಿ?” ಅಂತ ಗಂಡನನ್ನೇ ಕೇಳಿದರು. ನಕ್ಕರು. ನಗುನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡು, “ಮತ್ತೊಮ್ಮಿ ಹಚ್ಚು” ಅಂದರು. ಕರೆಂಟು ಹೋಗುವವರೆಗೂ ಹಚ್ಚುತ್ತಲೇ ಇದ್ದೆ.

ಹೋದ ಚಳಿಗಾಲದಲ್ಲಿ ಅವರನ್ನು ಗೋಕಾಕದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಅವರು ತಿರುಗಿ ಬರಲಿಲ್ಲ. ನಾನು ಹೋದಾಗ ಕಣ್ಣು ಮುಚ್ಚಿ ಮಲಗಿದ್ದರು. ಜ್ವರ ಎಷ್ಟಿದೆಯೋ ಅಂತ ಅವರಿಂದಲೇ ಕಲಿತ ಹಾಗೆ ಕೈ ತಿರುವಿ, ಹಿಂಬದಿಯನ್ನು ಹಣೆಗೆ ತಾಗಿಸಿದೆ. ಕಣ್ಣು ತೆರೆಯದೆಯೇ ನನ್ನ ಗುರುತು ಹಿಡಿದರು.

“ಅಂಗೈ ಹಚ್ಚೋ ತಮ್ಮಾ. ನಾ ಏನ ಕರೆಂಟ್ ಹೊಡಿಯೂದಿಲ್ಲ.”

ಅಂಗೈ ಇಟ್ಟೆ. ಅದರ ಮೇಲೆ ಅವರೂ ತಮ್ಮ ಕೈ ಇಟ್ಟರು. ಇಷ್ಟು ವರ್ಷ ಗೋಡೆಯಾಚೆಯೇ ಇದ್ದರೂ, ತಂತಿ ಸುತ್ತಿ ಸುತ್ತಿ ಜಡ್ಡುಗಟ್ಟಿದ ಆ ಅಂಗೈ ನನ್ನನ್ನು ಮುಟ್ಟಿದ್ದು ಅದೇ ಮೊದಲು.