ಪರಮಾಣು ಬರೆಯುವ ಕೈ

ನಮ್ಮ ಯಜಮಾನರು ಮೂವತ್ತೊಂದು ವರ್ಷ ಶಾಲಾಪುಸ್ತಕಗಳಿಗೆ ಪರಮಾಣುವಿನ ಚಿತ್ರ ಬರೆದವರು. ಕಣ್ಣಿಗೆ ಕಾಣದ ವಸ್ತುವನ್ನು ನಂಬಿ ಸಂಸಾರ ಹೂಡಿದ ಪುಣ್ಯಾತ್ಮ ಎಂದು ನಾನು ರೇಗಿಸುತ್ತಿದ್ದೆ. ಪಾಠದಲ್ಲಿ ಮೊದಲು ಬರೀ ಗಟ್ಟಿ ಗುಂಡು. ಆಮೇಲೆ ಕಲ್ಲಂಗಡಿಯ ಬೀಜದಂತೆ ಎಲೆಕ್ಟ್ರಾನು ಹುದುಗಿದ ಗುಂಡು. ಅದೂ ಹೋಗಿ, ನಡುವೆ ಇಷ್ಟೇ ಇಷ್ಟು ನ್ಯೂಕ್ಲಿಯಸ್, ಸುತ್ತ ವೃತ್ತಗಳಲ್ಲಿ ತಿರುಗುವ ಎಲೆಕ್ಟ್ರಾನು. ಹೊಸ ಪ್ರಯೋಗ ಹಳೆಯದನ್ನು ಸುಳ್ಳು ಮಾಡಿದಾಗಲೆಲ್ಲ ಚಿತ್ರ ಬದಲಾಯಿತೆಂದು ಅವರೇ ನನಗೆ ಹೇಳಿಕೊಟ್ಟದ್ದು. ಕೈವಾರ ಮುಟ್ಟದೆ ವೃತ್ತ ಹಾಕುತ್ತಿದ್ದರು, ಪ್ರೆಸ್ಸಿನವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಎರಡು ವರ್ಷದ ಹಿಂದೆ ಬಲಗೈ ನಡುಗತೊಡಗಿತು. ಗೊತ್ತಾದರೆ ಕೆಲಸ ಹೋಗುತ್ತದೆಂದು ಚಿತ್ರಗಳನ್ನು ಮನೆಗೆ ತಂದರು. ಅವರು ತೋರಿಸಿದಲ್ಲಿ ನಾನು ಕೈವಾರ ತಿರುಗಿಸಿದೆ. ಮಗಳಿಗೂ ಹೇಳಲಿಲ್ಲ. ಇದೆಂಥ ಬಾಳಪ್ಪಾ ಎಂದು ಬಚ್ಚಲಲ್ಲಿ ನಿಂತು ಅತ್ತಿದ್ದೇನೆ.

ಹೋದ ತಿಂಗಳು ಮ್ಯಾನೇಜರು, "ಹೊಸ ಪುಸ್ತಕ ಅರ್ಜೆಂಟು, ಈ ಸಲ ಇಲ್ಲೇ ಕೂತು ಬರೀರಿ" ಎಂದರಂತೆ. ಸಿಕ್ಕಿಬಿದ್ದೆವಲ್ಲಾ ಎಂದೆ ನಾನು. ಇವರು ಮಾತ್ರ ನಗುತ್ತಿದ್ದರು.

"ಹಳೇ ಚಿತ್ರಗಳು ಇವೆ ಕಣೇ. ಬರೀಬೇಕಾಗಿರೋದು ವೃತ್ತದ ಆಮೇಲೆ ಬಂದ ಕೊನೇದೊಂದೇ. ಎಲೆಕ್ಟ್ರಾನು ಇಲ್ಲೇ ಇದೆ ಅಂತ ಬೆರಳಿಟ್ಟು ತೋರ್ಸಕ್ಕೆ ಆಗಲ್ಲ. ಸಿಗೋ ಸಾಧ್ಯತೆ ಜಾಸ್ತಿ ಇರೋ ಕಡೆ ಒತ್ತಾಗಿ ಚುಕ್ಕಿ, ಕಮ್ಮಿ ಇರೋ ಕಡೆ ಅಲ್ಲೊಂದು ಇಲ್ಲೊಂದು. ಮೋಡ, ಅಷ್ಟೇ. ಗೆರೇನೇ ಇಲ್ಲ!"

"ಅಂದ್ರೆ ನಡುಗೋ ಕೈನೇ ಬೇಕು ಅನ್ನಿ."

"ವಿಜ್ಞಾನ ಕೊನೆಗೂ ನನ್ನ ದಾರಿಗೆ ಬಂತು ನೋಡು!"

ಒಂಬತ್ತು ದಿನ ಅಡುಗೆಮನೆಯ ಮೇಜಿನ ಮೇಲೆ ಚುಕ್ಕಿ ಇಟ್ಟು ಅಭ್ಯಾಸ ಮಾಡಿದರು. ಆ ಹಾಳು ಕೈ ಅತ್ತಿತ್ತ ಹಾರಿದರೂ ಮೋಡ ಕೆಡುತ್ತಿರಲಿಲ್ಲ. ಹೋದ ಜೀವ ಬಂದಂತಾಯಿತು ನಮಗೆ.

ಪ್ರೆಸ್ಸಿನ ಮೆಟ್ಟಿಲು ಹತ್ತಿಸಲು ನಾನೂ ಹೋದೆ. ಇವರು ಪೆನ್ನು ತೆಗೆಯುವಷ್ಟರಲ್ಲಿ ಮ್ಯಾನೇಜರು ಬಂದರು.

"ಮೋಡ ಬೇಡ್ವಂತೆ ಸಾರ್. ಮಕ್ಕಳ ತಲೆಗೆ ಹತ್ತಲ್ಲ ಅಂತ ಸಮಿತಿಯವರು ತೆಗೆದುಬಿಟ್ರು. ವೃತ್ತಕ್ಕೇ ಪಾಠ ಮುಗಿಯುತ್ತೆ. ಹಳೇ ಚಿತ್ರ ಚಿಕ್ಕದಾಯ್ತು, ಅದನ್ನೇ ಪೂರ್ತಿ ಪುಟಕ್ಕೆ ದೊಡ್ಡದಾಗಿ ಹೊಸದಾಗಿ ಹಾಕಿ. ನೀವೇನು, ಕಣ್ಣು ಮುಚ್ಕೊಂಡು ಬರೀತೀರ."

"ಅದು ತಪ್ಪು ಅಂತ ಗೊತ್ತಾಗಿ ನೂರು ವರ್ಷ ಆಗ್ತಾ ಬಂತಲ್ರೀ!" ನಾನು ಕಿರುಚಿಯೇಬಿಟ್ಟೆ. ಮ್ಯಾನೇಜರು ಬೆಪ್ಪಾಗಿ ನನ್ನನ್ನು ನೋಡಿದರು.

ಇವರು ಪೆನ್ನು ಊರಿದರು. ಗೆರೆ ಒಂದು ಬೆರಳಷ್ಟು ಹೋಗಿ ಅಡ್ಡಾದಿಡ್ಡಿ ಓಡಿತು. ಎಡಗೈಯಿಂದ ಬಲಗೈಯನ್ನು ಬಿಗಿಹಿಡಿದು ಮತ್ತೆ ಊರಿದರು. ಹಾಳೆ ಹರಿಯಿತು.

"ನನ್ನ ಕೈಲಾಗಲ್ಲ ಸಾರ್."

"ಇವತ್ತು ಬೇಡ ಬಿಡಿ, ನಾಳೆ..."

"ಇನ್ನು ಯಾವತ್ತೂ ಆಗಲ್ಲ."

ಎರಡು ವರ್ಷ ನನ್ನೆದುರಿಗೂ ಅವರು ಆ ಮಾತು ಆಡಿರಲಿಲ್ಲ.